ಅಳದವಳ ಹಸಿರು ದೀಪ

ದೇವರು ಮನುಷ್ಯನಿಗೆ ಮಾತಿಗಿಂತ ಮೊದಲು ಅಳುವನ್ನು ಕೊಟ್ಟ. ಕೂಸು ನೆಲಕ್ಕೆ ಬಿದ್ದ ಕೂಡಲೇ ಅಳಬೇಕು. ಅಳದಿದ್ದರೆ ಸೂಲಗಿತ್ತಿಯ ಎದೆ ಝಲ್ಲೆನ್ನುತ್ತದೆ. ಬೆನ್ನು ತಟ್ಟಿ, ಅಂಗಾಲು ಉಜ್ಜಿ ಅಳಿಸುತ್ತಾಳೆ. ಇಷ್ಟು ಸಣ್ಣ ಸಂಗತಿಯನ್ನು ದೊಡ್ಡ ದೊಡ್ಡವರು ಮರೆತ ಒಂದು ಕಾಲ ಬಂತು. ಆ ಕಾಲದ ಕಥೆ ಇದು.

ಆಗ ಸರ್ಕಾರಕ್ಕೊಂದು ಒಳ್ಳೆಯ ಯೋಚನೆ ಬಂದಿತ್ತು. ಒಳ್ಳೆಯದೆಂದೇ ಹೇಳಬೇಕು, ದೇವರ ಮುಂದೆ ಸುಳ್ಳು ನಡೆಯುವುದಿಲ್ಲ. ಜ್ವರ, ಕೆಮ್ಮು, ಸಕ್ಕರೆ ಕಾಯಿಲೆ ನೋಡುವ ಕುಟುಂಬ ವೈದ್ಯರೇ ಜನರ ಮನಸ್ಸಿನ ಕಾಯಿಲೆಯನ್ನೂ ಗುರುತಿಸಬೇಕು. ಎದುರಿಗೆ ಕೂತವರು ಯಾವ ಜನ, ಯಾವ ಭಾಷೆ, ಯಾವ ನಂಬಿಕೆಯವರು ಎಂದು ಅರಿತು ಮಾತಾಡಬೇಕು. ಅದಕ್ಕಾಗಿ ಪ್ರತಿ ವೈದ್ಯರೂ ಎರಡು ವರ್ಷ ಜನರ ನಡುವೆ ಬಾಳಿ ಕಲಿಯಲಿ ಎಂದು ಮೊದಲು ಬರೆದರು. ಎರಡು ವರ್ಷ ಹೆಚ್ಚಾಯಿತೆಂದು ಆರು ತಿಂಗಳು ಮಾಡಿದರು. ಆರು ತಿಂಗಳೂ ಹೆಚ್ಚಾಗಿ ಕೆಲವೇ ದಿನಕ್ಕೆ ಇಳಿಸಿದರು. ಉಳಿದದ್ದನ್ನು ಯಂತ್ರ ಕಿವಿಯಲ್ಲಿ ಹೇಳಿಕೊಡುತ್ತದೆ ಅಂದರು.

ಯಂತ್ರಕ್ಕೆ ಕಿವಿಗುರು ಎಂದು ಹೆಸರಿಟ್ಟರು. ಜೋಳದ ಕಾಳಿನಷ್ಟು ಗಾತ್ರ, ವೈದ್ಯರ ಕಿವಿಯೊಳಗೆ ಅದರ ವಾಸ. ರೋಗಿಯ ದನಿ ಎಷ್ಟು ಏರಿತು, ಉಸಿರು ಎಲ್ಲಿ ತಡೆಯಿತು, ಮಾತು ಮಾತಿನ ನಡುವೆ ಎಷ್ಟು ಹೊತ್ತು ಮೌನ ಎಂದು ಅಳೆಯುತ್ತಿತ್ತು. ಎಲ್ಲೆಲ್ಲಿಂದಲೋ ಕೂಡಿಹಾಕಿದ ಲಕ್ಷಾಂತರ ದನಿಗಳ ಜೊತೆ ಅದನ್ನು ಹೋಲಿಸಿ ಮೇಜಿನ ಮೇಲಿನ ಪುಟ್ಟ ದೀಪಕ್ಕೆ ಬಣ್ಣ ಕೊಡುತ್ತಿತ್ತು. ಹಸಿರೆಂದರೆ ಮನಸ್ಸು ನೆಟ್ಟಗಿದೆ. ಹಳದಿಯೆಂದರೆ ಕಣ್ಣಿಡಬೇಕು. ಕೆಂಪಾದರೆ ವೈದ್ಯರನ್ನು ಕೇಳುವುದೂ ಇಲ್ಲ, ಆಂಬುಲೆನ್ಸ್ ತಾನಾಗಿ ಹೊರಡುತ್ತದೆ. ಯಾರಿಗೆ ಏನು ಹೇಳಬೇಕು, ಏನು ಹೇಳಬಾರದು ಎಂಬುದಕ್ಕೆ ಒಂದೊಂದು ಜನಾಂಗಕ್ಕೆ ಒಂದೊಂದು 'ಸಂಸ್ಕೃತಿ ಪೊಟ್ಟಣ'ವನ್ನು ಅದರೊಳಗೆ ತುಂಬಿದ್ದರು. ಕಿರಾಣಿ ಅಂಗಡಿಯಲ್ಲಿ ಜೀರಿಗೆ ಸಾಸಿವೆ ಕಟ್ಟಿಟ್ಟಂತೆ.

ಡಾಕ್ಟರ್ ಕಸ್ತೂರಿ ಬಿರಾದಾರ ತರಬೇತಿಗೆ ಹೋದದ್ದು ಜಿಲ್ಲೆಯ ಊರಾಚೆ ಕಟ್ಟಿದ ಸಂವಾದ ಕೇಂದ್ರಕ್ಕೆ. ಅಲ್ಲಿ ಗಾಜಿನ ಗೋಡೆಯ ಮೇಲೆ ಬೆಳಕಿನಿಂದ ಮಾಡಿದ ರೋಗಿಗಳು ಬಂದು ಕೂರುತ್ತಿದ್ದರು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು. ಕೇಂದ್ರದ ಮುಖ್ಯಸ್ಥ ಡಾಕ್ಟರ್ ತಲಗೇರಿ ಮೃದು ಮಾತಿನ ಮನುಷ್ಯ. ಕಸ್ತೂರಿಯನ್ನು ಭೀಮಾ ನದಿಯ ಈಚೆಯ ದವಾಖಾನೆಗೆ ನೇಮಿಸಿದ್ದರು. ಸುತ್ತಲೂ ಲಂಬಾಣಿ ತಾಂಡಾಗಳು. ಆಕೆ ಲಂಬಾಣಿ ಪೊಟ್ಟಣ ತೆರೆದು ನೋಡಿ ದಂಗಾದಳು.

"ಸರ್, ಇದರಾಗ ಎರಡ ಸಾಲು ಅದ ಅಷ್ಟ."

"ಏನಂತಿದೆ, ಓದಿ."

"'ಈ ಜನ ಹಾಡು ಕುಣಿತ ಪ್ರಿಯರು. ಇವರೆದುರು ಸಾವಿನ ಮಾತು ಎತ್ತಬಾರದು, ಅಪಶಕುನವೆಂದು ತಿಳಿಯುತ್ತಾರೆ.' ಇದನ್ನ ಯಾರು ಹೇಳಿದ್ರು ಸರ್? ತಾಂಡಾದವರನ್ನ ಕೇಳೀರೇನು?"

ತಲಗೇರಿ ನಕ್ಕರು. "ಕೇಳುವುದಕ್ಕೇ ಅಲ್ಲವೇ ಯಂತ್ರ ಮಾಡಿರುವುದು? ಹೆಚ್ಚು ಹೇಳಿದರೆ ಹೊಸ ವೈದ್ಯರಿಗೆ ಗೊಂದಲವಾಗುತ್ತದೆ ಕಸ್ತೂರಿ. ದೀಪ ನಂಬಿ, ಸಾಕು."

ಕಸ್ತೂರಿ ನಂಬಿದಳು. ಯಂತ್ರ ಹೇಳಿಕೊಟ್ಟ ಸಾಂತ್ವನದ ಮಾತುಗಳು ಆಕೆಯ ನಾಲಿಗೆಗೆ ಎಷ್ಟು ಅಂಟಿದವೆಂದರೆ, ಒಂದು ದಿನ ಅವರವ್ವ ಶೇಂಗಾ ಸುಲಿಯುತ್ತ "ಸೊಂಟ ಭಾಳ ಹಿಡದದ ನೋಡವ್ವಾ" ಅಂದಾಗ, ಕಸ್ತೂರಿ ಕಣ್ಣಲ್ಲಿ ಕಣ್ಣಿಟ್ಟು, "ನಿಮ್ಮ ನೋವನ್ನು ನಾನು ಗೌರವಿಸುತ್ತೇನೆ" ಅಂದಳು.

ಅವ್ವನ ಕೈಯಲ್ಲಿದ್ದ ಶೇಂಗಾ ಅಲ್ಲೇ ನಿಂತಿತು. "ಗೌರವಿಸಿ ಏನ ಮಾಡ್ತಿ? ಹಾರ ಹಾಕ್ತೀಯೇನು ಸೊಂಟಕ್ಕ? ಎಣ್ಣಿ ಹಚ್ಚಬಾ ಇಲ್ಲಿ."

ಇಬ್ಬರೂ ನಕ್ಕರು. ಆಮೇಲೆ ನಡೆದದ್ದು ನಗುವಂಥದ್ದಲ್ಲ.

ಹಿರೇಕೊಳ್ಳ ತಾಂಡಾದ ಸೋಮಲಿಬಾಯಿ ಮೊಣಕಾಲ ನೋವೆಂದು ದವಾಖಾನೆಗೆ ಬಂದಿದ್ದಳು. ಅರವತ್ತು ದಾಟಿದ ಹೆಂಗಸು. ಕೈತುಂಬ ಬಿಳಿ ಬಳೆ, ಕನ್ನಡಿ ಹೊಲಿದ ಕುಪ್ಪಸ, ಬಾಯಲ್ಲಿ ಸದಾ ಒಂದು ಚೇಷ್ಟೆ. "ಡಾಕ್ಟರಬಾಯಿ, ಕಾಲು ತಗದು ಹೊಸಾದು ಹಾಕ್ರಿ, ಹಳೀದನ್ನ ನನ್ನ ಗಂಡಗ ಕೊಡ್ರಿ, ಅವ ಅದನ್ನ ಹಚಗೊಂಡು ಕುಣೀಲಿ" ಅನ್ನುತ್ತಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ಇನ್ನೊಬ್ಬ ಹೆಂಗಸು ಬಂದು ನಿಂತಳು. ಆಕೆ ಸೋಮಲಿಯ ತಂಗಿ ಹೇಮಲಿ. ದೂರದ ತಾಂಡಾಕ್ಕೆ ಮದುವೆಯಾಗಿ ಹೋದವಳು, ಬಹಳ ವರ್ಷವಾದ ಮೇಲೆ ಅಕ್ಕನನ್ನು ಹುಡುಕಿ ಬಸ್ಸಿಳಿದು ನೇರ ಅಲ್ಲಿಗೇ ಬಂದಿದ್ದಳು.

ತಾಂಡಾದ ಹೆಂಗಸರು ಬಹುಕಾಲದ ಮೇಲೆ ಭೇಟಿಯಾದರೆ ಒಬ್ಬರ ಕೊರಳನ್ನು ಒಬ್ಬರು ತಬ್ಬಿ ರಾಗವಾಗಿ ಅಳುತ್ತಾರೆ. ಅದು ಅವರ ನಮಸ್ಕಾರ. ಬಂದವಳು ಮೊದಲು ರಾಗ ಎತ್ತಿಕೊಳ್ಳಬೇಕು. ಅಗಲಿದ ಮೇಲೆ ಯಾರು ಯಾರು ತೀರಿಹೋದರೋ ಅವರನ್ನೆಲ್ಲ ಹೆಸರು ಹಿಡಿದು ಕರೆಯಬೇಕು. ಇದ್ದವಳು ಅದಕ್ಕೆ ದನಿಗೂಡಿಸಬೇಕು. ಸತ್ತವರಿಗೆ ಸಲ್ಲಬೇಕಾದ್ದು ಸಂದ ಮೇಲೆ ಕಣ್ಣೊರೆಸಿಕೊಂಡು, "ಎಲಿ ಅಡಿಕಿ ತಂದೀಯೇನು?" ಅನ್ನುತ್ತಾರೆ. ಆಗ ಭೇಟಿ ಪೂರ್ತಿಯಾಗುತ್ತದೆ.

ಹೇಮಲಿ ಅಕ್ಕನ ಕೊರಳಿಗೆ ಬಿದ್ದು ರಾಗ ಎತ್ತಿಕೊಂಡಳು. ಅವ್ವನನ್ನು ಕರೆದಳು, ಅಣ್ಣನನ್ನು ಕರೆದಳು. ಸೋಮಲಿಯ ದನಿ ಅದರ ಮೇಲೇರಿತು. ಕಸ್ತೂರಿಯ ಮೇಜಿನ ದೀಪ ಹಸಿರಿನಿಂದ ಒಮ್ಮೆಲೇ ಕೆಂಪಿಗೆ ಹಾರಿತು.

"ತೀವ್ರ ಮಾನಸಿಕ ಆಘಾತ," ಕಿವಿಗುರು ತಣ್ಣಗೆ ಹೇಳಿತು. "ರೋಗಿಯನ್ನು ಒಂಟಿಯಾಗಿ ಬಿಡಬೇಡಿ. ವಾಹನ ಹೊರಟಿದೆ."

ಎಲೆ ಅಡಿಕೆಯ ಮಾತು ಬರುವ ಮೊದಲೇ ಆಂಬುಲೆನ್ಸ್ ಬಂತು. ಜೊತೆಗೆ ಬಂದ ಆಳುಗಳು ಅಕ್ಕ ತಂಗಿಯರನ್ನು ಬಿಡಿಸಿ, ಸೋಮಲಿಯ ತೋಳಿಗೆ ಸೂಜಿ ಚುಚ್ಚಿ, ಎತ್ತಿ ಒಳಗೆ ಹಾಕಿದರು. ಆಕೆ ಕೈ ಕಾಲು ಜಾಡಿಸಿದಳು, ಬಳೆ ಒಡೆದವು. ಕಸ್ತೂರಿ ನಿಂತು ನೋಡಿದಳು. ದೀಪ ಕೆಂಪಿತ್ತು, ದೀಪ ನಂಬಿ ಅಂದಿದ್ದರು.

ಒಂದು ವಾರ ಇಟ್ಟುಕೊಂಡು ಸೋಮಲಿಯನ್ನು ವಾಪಸು ಕಳಿಸಿದರು. ನಾಲಿಗೆ ದಪ್ಪವಾಗಿತ್ತು, ಚೇಷ್ಟೆ ಹೋಗಿತ್ತು. ತಾಂಡಾದ ನಾಯಕನು ತಮ್ಮ ಕುಲಗುರು ಸೇವಾಲಾಲರ ಗುಡಿಯ ಮುಂದೆ ಎಲ್ಲರನ್ನೂ ಸೇರಿಸಿ, "ದವಾಖಾನಿ ಮಂದಿ ಇದ್ದಲ್ಲಿ ಯಾರೂ ಅಳಬ್ಯಾಡ್ರಿ. ಅತ್ತವರನ್ನ ಒಯ್ತಾರ" ಅಂದ. ಹೆಂಗಸರು ಕೇಳಿದರು. ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರ ಕಿವಿಯಲ್ಲೂ ಅದೇ ಕಾಳನ್ನು ಇಟ್ಟಿದ್ದರು, ಹಾಗಾಗಿ ಮನೆಯೊಳಗೂ ಅಳು ನಿಂತಿತು. ನೆಂಟರು ಬಂದರೆ ಒಣ ಕಣ್ಣಿನಿಂದ "ಬಾ, ಕೂಡು" ಅನ್ನತೊಡಗಿದರು. ಯುದ್ಧ, ಬರ, ವಲಸೆ ಯಾವುದೂ ಕಸಿಯಲಾರದ್ದನ್ನು ಒಂದು ಕಾಳು ಕಸಿಯಿತು. ಸಂವಾದ ಕೇಂದ್ರದ ಗೋಡೆಯಗಲದ ನಕ್ಷೆಯಲ್ಲಿ ಹಿರೇಕೊಳ್ಳದ ಸುತ್ತ ಎಲ್ಲ ಚುಕ್ಕೆಗಳೂ ಹಸಿರಾದವು. ತಲಗೇರಿ ಅದನ್ನು ದೊಡ್ಡವರಿಗೆ ತೋರಿಸಿ ಶಹಬ್ಬಾಸ್ ಅನ್ನಿಸಿಕೊಂಡರು.

ಇಂಥ ಹೊತ್ತಿನಲ್ಲಿ ಸೋಮಲಿಯ ಸೊಸೆ ಜಮುನಿ ಊರಿಗೆ ಬಂದಳು.

ಜಮುನಿ ಗಂಡನ ಜೊತೆ ಕಬ್ಬು ಕಡಿಯಲು ನದಿಯಾಚೆ ಹೋಗಿದ್ದಳು. ಗದ್ದೆಯ ಗುಡಿಸಲಲ್ಲಿ ಹಡೆದಳು. ಕೂಸು ಎರಡು ತಿಂಗಳು ಬದುಕಿ, ಜ್ವರ ಬಂದು ಹೋಯಿತು. ಯಾರದೋ ಹೊಲದ ಬದುವಿನಲ್ಲಿ ಹೂತು, ಹಂಗಾಮು ಮುಗಿಯುವ ತನಕ ಕಬ್ಬು ಕಡಿದು, ಖಾಲಿ ಮಡಿಲಲ್ಲಿ ತಿರುಗಿ ಬಂದಳು. ತಾಂಡಾದ ಹೆಂಗಸರೆಲ್ಲ ಸಾಲುಗಟ್ಟಿ ಆಕೆಯ ಕೊರಳು ಹಿಡಿಯಬೇಕಿತ್ತು. ಆ ದಿನ ಆಶಾ ಕಾರ್ಯಕರ್ತೆ ಪೋಲಿಯೊ ಹನಿ ಹಾಕಲು ಬಂದು ಕಟ್ಟೆಯ ಮೇಲೆ ಕೂತಿದ್ದಳು. ಹೆಂಗಸರು ನೆಲ ನೋಡಿದರು. ಜಮುನಿಯ ತವರಿನಿಂದ ತಾಯಿ ಬಂದಳು. ಆಕೆಗೂ ಬಾಗಿಲಲ್ಲೇ ಸನ್ನೆ ಮಾಡಿದರು. ಸತ್ತ ಕೂಸಿಗೆ ಒಬ್ಬರೂ ಅಳಲಿಲ್ಲ.

ಅದಾಗಿ ಕೆಲವು ದಿನಕ್ಕೆ ಸೋಮಲಿ ಸೊಸೆಯನ್ನು ದವಾಖಾನೆಗೆ ಕರೆತಂದಳು. ಜಮುನಿ ತಲೆ ಬಾಚಿ ಹೂ ಮುಡಿದಿದ್ದಳು. ಕಸ್ತೂರಿ ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟಳು.

"ಊಟ ಸೇರ್ತದೇನವ್ವಾ?"

"ಸೇರ್ತದ್ರಿ."

"ನಿದ್ದಿ?"

"ಬರ್ತದ್ರಿ ಬಾಯಾರ. ಎಲ್ಲಾ ಆರಾಮ ಅದ."

ದೀಪ ಹಸಿರಾಯಿತು. ಅಷ್ಟು ಶುದ್ಧ ಹಸಿರನ್ನು ಕಸ್ತೂರಿ ನೋಡಿರಲಿಲ್ಲ. "ಧ್ವನಿ ಸಮಸ್ಥಿತಿಯಲ್ಲಿದೆ," ಕಿವಿಗುರು ಹೇಳಿತು. "ಅಭಿನಂದಿಸಿ ಬೀಳ್ಕೊಡಿ."

ಜಮುನಿ ಎದ್ದು ಹೊರಗೆ ಹೋಗಿ ಕೂತಳು. ಸೋಮಲಿ ಏಳಲಿಲ್ಲ.

"ಡಾಕ್ಟರಬಾಯಿ, ನಿನ್ನ ಮಾರಿ ನೋಡಬಾರದು ಅಂತ ಮರಿಯಮ್ಮನ ಮುಂದ ಆಣಿ ಮಾಡಿದ್ದೆ. ಸೊಸಿ ಸಲುವಾಗಿ ಮುರದೀನಿ."

"ನಂದು ತಪ್ಪಾತು ಸೋಮಲಿಬಾಯಿ."

"ಅದನ್ನ ಆಮ್ಯಾಲೆ ಹೇಳು, ನನಗ ಬೈಯೋದು ಭಾಳ ಅದ. ಈಗ ಇದನ್ನ ಕೇಳು. ಹಡದ ತಾಯಿ ಮನಿಗಿ ಬಂದಾಗ ಈಕಿ ಅಳಲಿಲ್ಲ. ನಾವು ಅಂಜಿ ಬಾಯಿ ಮುಚಗೊಂಡ್ವಿ. ಈಕಿ ಅಂಜಿಲ್ಲ. ಈಕಿಗಿ ಅಳುನ ಬರಲಿಲ್ಲ. ತಾಯೀಗಿ ಚಾ ಕುಡೀತೀಯೇನು ಅಂದ್ಳು, ಪರಊರವರಿಗಿ ಅಂದಂಗ. ನಿನ್ನೆ ತನ್ನ ಬೆಳ್ಳಿ ಎಲ್ಲಾ ಬಿಚ್ಚಿ ನಾದಿನೀಗಿ ಹಂಚ್ಯಾಳ. ನಿನ್ನ ದೀಪ ಏನ ಹೇಳ್ತದ?"

ಕಸ್ತೂರಿ ದೀಪವನ್ನು ನೋಡಿದಳು. ಹಸಿರು.

 ಕೂಡಲೇ ಕೇಂದ್ರಕ್ಕೆ ಕರೆ ಮಾಡಿದಳು. ನಿಯಂತ್ರಣ ಕೋಣೆಯಲ್ಲಿ ತಲಗೇರಿಯೇ ಸಿಕ್ಕರು.

"ಹಸಿರು ರೋಗಿಯನ್ನು ಜಿಲ್ಲಾ ಮನೋವೈದ್ಯರಿಗೆ ಕಳಿಸಬೇಕೇ? ಯಾವ ಆಧಾರದ ಮೇಲೆ?"

"ಆಕಿ ಅಳಲಿಲ್ಲ ಸರ್."

"ಅಳದಿರುವುದು ಆರೋಗ್ಯದ ಲಕ್ಷಣ ಕಸ್ತೂರಿ."

"ಅವರಲ್ಲಿ ಅಲ್ಲ ಸರ್. ಸಾಯಬೇಕು ಅನಸ್ತದೇನು ಅಂತ ನೇರ ಕೇಳ್ತೀನಿ, ಅಷ್ಟಕ್ಕರ ಅನುಮತಿ ಕೊಡ್ರಿ."

"ಪೊಟ್ಟಣದಲ್ಲಿ ನಿಷೇಧವಿದೆ. ಅವರ ಸಂಸ್ಕೃತಿಗೆ ಅದು ಅವಮಾನ." ತಲಗೇರಿ ಮೃದುವಾಗಿ ಮುಂದುವರಿಸಿದರು: "ನೀವು ದಣಿದಿದ್ದೀರಿ. ನಿಮ್ಮ ದನಿಯೇ ಇಲ್ಲಿ ಹಳದಿ ತೋರಿಸುತ್ತಿದೆ. ಎರಡು ದಿನ ರಜೆ ತೆಗೆದುಕೊಳ್ಳಿ."

ಸಿಟ್ಟಿಗೂ ಒಂದು ಬಣ್ಣ ಕೊಟ್ಟು ಕಾಯಿಲೆ ಮಾಡಿದರಲ್ಲ! ಸಿಟ್ಟನ್ನೂ ಆ ದೇವರೇ ಕೊಟ್ಟದ್ದು. ಕರುವನ್ನು ಮುಟ್ಟಲು ಹೋದರೆ ಹಸು ಕೊಂಬು ಬೀಸುವುದು ಕಾಯಿಲೆಯೇ? ಕಸ್ತೂರಿ ಫೋನಿಟ್ಟಳು. ಹೊರಗೆ ಬಂದು ನೋಡಿದರೆ ಬೆಂಚು ಖಾಲಿ. ಜಮುನಿ ಹೇಳದೆ ಹೊರಟುಹೋಗಿದ್ದಳು.

ಇಬ್ಬರೂ ಕಸ್ತೂರಿಯ ಸ್ಕೂಟರ್ ಏರಿ ತಾಂಡಾಕ್ಕೆ ಬಂದರು. ದಾರಿಯುದ್ದಕ್ಕೂ ಸೋಮಲಿ ಹಿಂದೆ ಕೂತು ಮರಿಯಮ್ಮನನ್ನೂ, ಸರ್ಕಾರವನ್ನೂ, ಸ್ಕೂಟರಿನ ವೇಗವನ್ನೂ ಒಂದೇ ಉಸಿರಲ್ಲಿ ಬೈಯುತ್ತಿದ್ದಳು. ಬಾವಿಯ ದಾರಿಯ ಬೇವಿನ ಮರದ ಕೆಳಗೆ ಜಮುನಿ ನಿಂತಿದ್ದಳು. ಕೈಯಲ್ಲಿ ಕೊಡ ಇರಲಿಲ್ಲ. ಸೋಮಲಿ ಏನನ್ನೂ ಕೇಳದೆ ಸೊಸೆಯ ರಟ್ಟೆ ಹಿಡಿದು ಮನೆಗೆ ಎಳೆತಂದಳು. ಹೆಂಗಸರು ಒಬ್ಬೊಬ್ಬರಾಗಿ ಅಂಗಳದಲ್ಲಿ ಕೂಡಿದರು, ಕಸ್ತೂರಿಯ ಕಿವಿಯನ್ನೇ ನೋಡುತ್ತ ದೂರ ನಿಂತರು.

"ಮೊದಲ ಅದನ್ನ ತಗದು ಒಗಿ," ಒಬ್ಬಳು ಕೂಗಿದಳು.

"ಇಲ್ಲವ್ವಾ," ಕಸ್ತೂರಿ ಅಂದಳು. "ಇದು ಇಲ್ಲೇ ಇರಲಿ. ಎಷ್ಟು ದಿನ ಇದಕ್ಕ ಅಂಜಿ ಬಾಯಿ ಮುಚ್ತೀರಿ? ಇವತ್ತ ಅವರು ಪೂರ್ತಿ ಕೇಳ್ಲಿ. ಗಾಡಿ ಬಂದ್ರ ಬಾಗಲದಾಗ ನಾ ನಿಂದರ್ತೀನಿ, ನನ್ನ ದಾಟಿ ಹೋಗ್ಬೇಕು."

ಆಮೇಲೆ ಜಮುನಿಯ ಎದುರು ನೆಲದ ಮೇಲೆ ಕೂತಳು. ಕಿವಿಯಲ್ಲಿ ಯಂತ್ರ ಏನೇನೋ ಹೇಳಿಕೊಡುತ್ತಿತ್ತು. ಅದನ್ನು ಬಿಟ್ಟು, ತನ್ನವ್ವನ ಹತ್ತಿರ ಮಾತಾಡುವ ದನಿಯಲ್ಲಿ ಕೇಳಿದಳು.

"ಜಮುನಿ, ಖರೇ ಹೇಳು. ಸಾಯಬೇಕು ಅನಸ್ತದೇನವ್ವಾ?"

"ನಿಷಿದ್ಧ ಪದ," ಕಿವಿಗುರು ಅರಚಿತು. "ಕ್ಷಮೆ ಕೇಳಿ ವಿಷಯ ಬದಲಿಸಿ."

ಜಮುನಿ ಅದನ್ನು ಅವಮಾನವೆಂದು ತಿಳಿಯಲಿಲ್ಲ. ಬಹಳ ಹೊತ್ತಿನಿಂದ ಹೊತ್ತ ಭಾರಕ್ಕೆ ಯಾರೋ ಕೈ ಹಚ್ಚಿದಂತೆ ಆಕೆಯ ಭುಜ ಇಳಿಯಿತು. "ಹೂಂರಿ," ಅಂದಳು. "ದಿನಾ ಅನಸ್ತದ. ಇವತ್ತ ಭಾಳ ಅನಸ್ತು."

ಅಂಗಳದ ಹೆಂಗಸರು ಒಂದು ಹೆಜ್ಜೆ ಹತ್ತಿರ ಬಂದರು. ಕಸ್ತೂರಿ ಆಕೆಯ ಕೈ ಹಿಡಿದಳು. "ಹೇಳಿದಿಯಲ್ಲ, ಚಲೋ ಮಾಡಿದಿ. ಇನ್ನ ನಿನ್ನ ಒಬ್ಬಾಕೀನ್ನ ಬಿಡಾಂಗಿಲ್ಲ. ಕೂಸಿನ ಹೆಸರೇನಿತ್ತು?"

"ಹೆಸರ ಇಟ್ಟಿದ್ದಿಲ್ರಿ. ಊರಿಗಿ ಬಂದು ಇಡೋದಿತ್ತು." ಮತ್ತೆ ಅಂದಳು: "ಕಬ್ಬಿನಾಗ ಮಲಗಿಸಿ ನಾ ಒಬ್ಬಾಕಿನ ಕರೀತಿದ್ದೆ. ಮೋತಿ ಅಂತ."

ಕಸ್ತೂರಿ ಸೋಮಲಿಯ ಕಡೆ ತಿರುಗಿದಳು. "ನಾ ಬಂದಾಕಿ. ನಾನ ಸುರು ಮಾಡಬೇಕಲ್ಲ? ನನಗ ನಿಮ್ಮ ಮಾತು ಬರಾಂಗಿಲ್ಲ."

"ಹೆಸರ ಕರಿಯಾಕ ಯಾವ ಮಾತು ಬೇಕು?" ಸೋಮಲಿ ಗದರಿದಳು. "ಕೊರಳ ಹಿಡಿ. ಕರಿ."

ಕಸ್ತೂರಿ ಜಮುನಿಯ ಕೊರಳಿಗೆ ಕೈ ಹಾಕಿ, ರಾಗವಿಲ್ಲದೆ, ಒಡಕು ದನಿಯಲ್ಲಿ "ಮೋತಿ" ಅಂದಳು. ಇನ್ನೊಮ್ಮೆ ಅಂದಳು. ಹಿಂದಿನಿಂದ ಸೋಮಲಿ ಆ ಹೆಸರನ್ನು ಎತ್ತಿಕೊಂಡಳು. ಸೂಜಿ ಚುಚ್ಚಿಸಿಕೊಂಡ ದಿನದಿಂದ ಮಡಚಿಟ್ಟಿದ್ದ ದನಿ ಅದು. ಮಗಳ ಬಳಿಯೇ ಉಳಿದಿದ್ದ ಜಮುನಿಯ ತಾಯಿ ಎದೆ ಹಿಡಿದುಕೊಂಡು ಬಂದಳು. ಆಮೇಲೆ ಅಂಗಳದ ಎಲ್ಲ ಹೆಂಗಸರೂ. ತಾಂಡಾದ ಗಾಳಿ ಹೊತ್ತಿಕೊಂಡಂತಾಯಿತು. ಆ ನಡುವೆ ಸಣ್ಣಗೆ, ಬಾಯಿಗೆ ಬಟ್ಟೆ ತುಂಬಿದಂತೆ ಒಂದು ದನಿ ಕೇಳಿತು. ಬಟ್ಟೆ ಜಾರಿತು, ಜಮುನಿ ಅತ್ತಳು.

ಕೆಂಪು. ಕೆಂಪು. ಕೆಂಪು. ಯಂತ್ರಕ್ಕೆ ಎಣಿಸಲಾಗಲಿಲ್ಲ.

ಆಂಬುಲೆನ್ಸ್ ಬಂತು. ಕಸ್ತೂರಿ ಹೇಳಿದಂತೆ ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ ಇಡೀ ತಾಂಡಾ, ಹಸಿ ಕಣ್ಣು, ಬಿಗಿದ ಕೈ. ಚಾಲಕ ಯಾಸೀನ ಇಳಿದು ಒಂದು ಗಳಿಗೆ ನೋಡಿದ. ಸೋಮಲಿಯನ್ನು ಎತ್ತಿ ಒಯ್ದ ಗಾಡಿಯ ಚಾಲಕನೂ ಅವನೇ.

"ಯಾರನ್ನ ಒಯ್ಯಬೇಕ್ರಿ ಮೇಡಂ? ನನ್ನ ಫೋನಿನ್ಯಾಗ ಊರ ಪೂರಾ ಕೆಂಪಾಗೇದ."

"ನನ್ನನ್ನ ಮೊದಲ ಒಯ್ಯಬೇಕಾಗ್ತದ ಯಾಸೀನ."

"ಸೂಜಿ ಒಂದ ಅದ್ರಿ ಗಾಡ್ಯಾಗ," ಅಂದ ಅವನು. ಕೀಲಿ ತೆಗೆದು ಜೇಬಿಗೆ ಹಾಕಿ ಕಟ್ಟೆಯ ಮೇಲೆ ಕೂತು, ಸೋಮಲಿಯನ್ನು ತಾಂಡಾದ ಮಾತಿನಲ್ಲೇ ಅವ್ವಾ ಎಂದು ಕರೆದ. "ಎಲಿ ಅಡಿಕಿ ಅದಾವೇನು ಯಾಡಿ?"

ಅತ್ತದ್ದರಿಂದಲೇ ಜಮುನಿ ಗುಣವಾದಳೆಂದು ತಿಳಿಯಬೇಡಿ. ನೋವು ಅಷ್ಟು ಅಗ್ಗವಲ್ಲ. ಅಳು ಬಾಗಿಲು ತೆರೆಯಿತು, ಅಷ್ಟೇ. ಮರುದಿನ ಕಸ್ತೂರಿ ಯಾರ ಅನುಮತಿಯನ್ನೂ ಕೇಳದೆ ಅವಳನ್ನು ಅದೇ ಗಾಡಿಯಲ್ಲಿ ಜಿಲ್ಲಾ ಮನೋವೈದ್ಯರ ಬಳಿ ಕರೆದೊಯ್ದಳು. ತಾಯಿ ಒಂದು ಪಕ್ಕ, ಅತ್ತೆ ಒಂದು ಪಕ್ಕ. ಔಷಧಿ ಶುರುವಾಯಿತು. ತಾಂಡಾದ ಹೆಂಗಸರು ಪಾಳಿ ಹಚ್ಚಿಕೊಂಡು ಅವಳ ಹತ್ತಿರ ಮಲಗಿದರು.

ಸುದ್ದಿ ಫೋನಿನಲ್ಲಿ ತಾಂಡಾದಿಂದ ತಾಂಡಾಕ್ಕೆ ಹೋಯಿತು. ಒಂದೊಂದು ದವಾಖಾನೆಯ ಮುಂದೆ, ಒಂದೊಂದು ಆಶಾ ಕಾರ್ಯಕರ್ತೆಯ ಎದುರು ಹೆಂಗಸರು ಕೊರಳು ಹಿಡಿದು ಸತ್ತವರನ್ನೆಲ್ಲ ಕರೆದು ಅತ್ತರು. ಬಾಕಿ ಉಳಿದಿದ್ದ ಅಳು ಬಹಳವಿತ್ತು.

ಕಸ್ತೂರಿಯನ್ನು ಸಂವಾದ ಕೇಂದ್ರಕ್ಕೆ ಕರೆಸಿದರು. ನಿಯಂತ್ರಣ ಕೋಣೆಯ ಗೋಡೆಯ ಮೇಲೆ ಜಿಲ್ಲೆಯ ನಕ್ಷೆ ನಿಗಿನಿಗಿ ಕೆಂಡವಾಗಿತ್ತು. ತಲಗೇರಿಯ ಮೃದು ಮಾತು ಹಾರಿಹೋಗಿತ್ತು.

"ಇದು ದಂಗೆ! ಎಲ್ಲಿಂದ ತರಲಿ ಇಷ್ಟು ವಾಹನ? ನಿಮ್ಮ ಪರವಾನಗಿ ಇವತ್ತೇ ರದ್ದು."

"ದಂಗೆ ಅಲ್ಲ ಸರ್. ಅವರು ಒಬ್ಬರಿಗೊಬ್ಬರು ನಮಸ್ಕಾರ ಮಾಡಾಕತ್ತಾರ." ಕಸ್ತೂರಿ ಕಿವಿಯಿಂದ ಕಾಳನ್ನು ತೆಗೆದು ಅವರ ಮೇಜಿನ ಮೇಲಿಟ್ಟಳು. "ನೀವು ಅದನ್ನ ಕೇಳಿ, ಸೂಜಿ ಕಳಿಸಿದ್ರಿ. ಒಂದು ಕೂಸು ಸತ್ತರ ಅಳಬ್ಯಾಡ ಅಂತ ಒಂದು ಊರಿಗೇ ಕಲಿಸಿದ್ರಿ. ಅದಕ್ಕ ಹಸಿರು ಬಣ್ಣ ಹಚ್ಚಿ, ಆರೋಗ್ಯ ಅಂತ ಹೆಸರಿಟ್ಟು, ಹಾರ ಹಾಕಿಸಿಕೊಂಡ್ರಿ. ನನ್ನ ಪರವಾನಗಿ ತಗೊಳ್ರಿ. ಆ ತಾಯಿ ಮುಂದ ಹೋಗಿ ನಿಮ್ಮ ಎರಡು ಸಾಲು ಓದ್ರಿ ನೋಡೋಣ."

ತಲಗೇರಿ ಫೋನಿಗೆ ಕೈ ಚಾಚಿದರು.  ಕಸ್ತೂರಿ ಆಗಲೇ ಅವರನ್ನು ನೋಡುತ್ತಿರಲಿಲ್ಲ. ಗೋಡೆಯ ಹತ್ತಿರ ಹೋಗಿ ನಿಂತಿದ್ದಳು. ಕೆಂಪಿನ ನಡುವೆ, ನದಿಯ ತಿರುವಿನಲ್ಲಿ, ಒಂದು ಚುಕ್ಕೆ ಶುದ್ಧ ಹಸಿರಾಗಿ, ಅಲ್ಲಾಡದೆ ಉರಿಯುತ್ತಿತ್ತು.

ಜಮುನಿ ಎದುರಿಗೆ ಕೂತಿದ್ದಾಗ ಕಂಡ ಅದೇ ಹಸಿರು. ಬಾಗಿಲಲ್ಲಿ ಕಾಯುತ್ತಿದ್ದ ಯಾಸೀನನನ್ನು ಕೂಗಿದಳು.

"ಗಾಡಿ ತಗಿ. ಅಲ್ಲಿ ಯಾರೋ ಒಬ್ಬಾಕಿ ಅಳವಲ್ಲಳು."